ಮೂರನೆಯ ಹೆಸರು

ಲೆಕ್ಕದವರಿಗೆ ತಾರೀಕೇ ದೇವರು. ದಾವಣಗೆರೆಯಲ್ಲಿ ಸಿಎ ಓದುತ್ತಾ ಆರ್ಟಿಕಲ್‌ಶಿಪ್ ಮಾಡುವಾಗ ನಮ್ಮ ಸಾಹೇಬರು ಹೇಳುತ್ತಿದ್ದರು: ಮಾರ್ಚ್ 31ರ ರಾತ್ರಿ ಬಂದ ಮಾಲು ಈ ವರ್ಷದ್ದು, ಏಪ್ರಿಲ್ 1ರ ಬೆಳಿಗ್ಗೆ ಬಂದದ್ದು ಮುಂದಿನ ವರ್ಷದ್ದು, ನಡುವೆ ಮಾತಿಲ್ಲ. ಇಂಗ್ಲೆಂಡಿಗೆ ಬಂದ ಮೇಲೆ ಆ ಗೆರೆ ಏಪ್ರಿಲ್ 5ಕ್ಕೆ ಜರುಗಿತು, ಅಷ್ಟೆ. ಇಲ್ಲಿಯ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು. ಅದೇ ಗೆರೆ ಒಂದೇ ಮನೆಯ ಮಕ್ಕಳ ನಡುವೆಯೂ ಹಾಯ್ದಿದೆ ಎಂದು ನನಗೆ ಮನದಟ್ಟಾದದ್ದು 2025ರ ಆರಂಭದ ಒಂದು ಶನಿವಾರ.

ಲೆಸ್ಟರ್‌ನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಶನಿವಾರ ಬೆಳಿಗ್ಗೆ ಜನರ ಕಾಗದಪತ್ರ ನೋಡಿಕೊಡುತ್ತೇನೆ. ಅಂದು ಬಂದಾಕೆ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುವವರು. ಮೂವರು ಮಕ್ಕಳು. ಮೂರು ಜನನ ಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿದ್ದರು. ಅವರ ಪ್ರಶ್ನೆ ಒಂದೇ: "ಮೂರನೆಯವನ ಹೆಸರು ಬರೆದಿದ್ದೇನೆ. ದುಡ್ಡು ಯಾಕೆ ಇಬ್ಬರದ್ದೇ ಬರುತ್ತದೆ?"

ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಪ್ರತಿ ಮಗುವಿಗೂ ಒಂದು ಪಾಲಿದೆ. 2015ರ ಬಜೆಟ್‌ನಲ್ಲಿ ಚಾನ್ಸಲರ್ ಜಾರ್ಜ್ ಆಸ್ಬರ್ನ್ ಅದನ್ನು ಇಬ್ಬರಿಗೆ ನಿಲ್ಲಿಸುವುದಾಗಿ ಘೋಷಿಸಿದರು. 2017ರ ಏಪ್ರಿಲ್ 6 ಅಥವಾ ಆಮೇಲೆ ಹುಟ್ಟಿದ ಮೂರನೆಯ ಮಗುವಿಗೆ, ಅವಳಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಏನೂ ಇರಲಿಲ್ಲ. ತಿಂಗಳಿಗೆ ಸುಮಾರು 290 ಪೌಂಡ್ ಖೋತಾ.

ಜನನ ಪತ್ರ ನೋಡಿದೆ. 2017, ಏಪ್ರಿಲ್ 9.

"ಡಾಕ್ಟರು ಕೊಟ್ಟಿದ್ದ ದಿನ ಮಾರ್ಚ್ 30. ಇವನೇ ತಡ ಮಾಡಿದ," ಎಂದು ಆಕೆ ನಕ್ಕರು. ನನಗೆ ನಗು ಬರಲಿಲ್ಲ. ಹೆಚ್ಚುವರಿ ಪಾಳಿ ಮಾಡಿದರೆ ಸರಿಹೋದೀತೇ ಎಂದು ಕೇಳಿದರು. ಅವರ ಲೆಕ್ಕದಲ್ಲಿ, ಹೆಚ್ಚಿಗೆ ಕೈಗೆ ಬರುವ ಪ್ರತಿ ಪೌಂಡಿಗೂ ನೆರವಿನಲ್ಲಿ 55 ಪೆನ್ನಿ ಕಡಿತ. ಅದನ್ನೂ ಹೇಳಬೇಕಾಯಿತು.

ಸೋಮವಾರ ಆಫೀಸಿಗೆ ಹೋದರೆ ಎದುರಿಗಿದ್ದವರು ವರ್ಷಕ್ಕೆ 66,000 ಪೌಂಡ್ ದುಡಿಯುವ ಕಕ್ಷಿದಾರರು. ಅವರಿಗೂ ಮೂವರು ಮಕ್ಕಳು. ಎಲ್ಲರಿಗೂ ಸಿಗುವ ಚೈಲ್ಡ್ ಬೆನಿಫಿಟ್ ಬೇರೆಯದು, ಅದಕ್ಕೆ ಮಕ್ಕಳ ಮಿತಿ ಇಲ್ಲ. ಆದರೆ ಆದಾಯ 60,000 ದಾಟಿದರೆ ಅದು ಸ್ವಲ್ಪ ಸ್ವಲ್ಪವಾಗಿ ತೆರಿಗೆಯಾಗಿ ವಾಪಸು ಹೋಗುತ್ತದೆ. "6,000 ಪಿಂಚಣಿಗೆ ಹಾಕಿಬಿಡಿ," ಎಂದೆ. ಮೂರೂ ಮಕ್ಕಳ ಹಣ ಪೂರ್ತಿ ಉಳಿಯಿತು. ಎಲ್ಲವೂ ಕಾನೂನುಬದ್ಧ. ನನ್ನ ಶುಲ್ಕವೂ ಬಂತು. ಗೆರೆಯನ್ನು ಪಕ್ಕಕ್ಕೆ ಸರಿಸಿಕೊಡುವುದೇ ನನ್ನ ವೃತ್ತಿ. ಶನಿವಾರ ಬಂದಾಕೆಗೆ ಮಾತ್ರ ಸರಿಸಿಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಇದು ನನ್ನನ್ನು ಇಷ್ಟು ಕಾಡಿದ್ದಕ್ಕೆ ಇನ್ನೊಂದು ಕಾರಣವಿದೆ. ನಾನೂ ಮೂರನೆಯವನೇ. ನಮ್ಮೂರ ಆಸ್ಪತ್ರೆಯ ಗೋಡೆಯ ಮೇಲೆ ಕೆಂಪು ತ್ರಿಕೋನ, ಕೆಳಗೆ 'ನಾವಿಬ್ಬರು, ನಮಗಿಬ್ಬರು'. ಅದರ ಮುಂದೆ ಹಾದುಹೋಗುವಾಗ ಅಣ್ಣ, ಅಕ್ಕ ನನ್ನನ್ನು "ಲೆಕ್ಕಕ್ಕಿಲ್ಲದವನು" ಎಂದು ರೇಗಿಸುತ್ತಿದ್ದರು. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿದ ವರ್ಷ, ನ್ಯಾಯಬೆಲೆ ಅಂಗಡಿಯ ಸರದಿಯಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದು ನೆನಪಿದೆ. ಅಂಗಡಿಯವರು ಕಾರ್ಡಿನಲ್ಲಿದ್ದ ಹೆಸರುಗಳ ಮೇಲೆ ಬೆರಳಾಡಿಸಿ ಸಕ್ಕರೆ ತೂಗುತ್ತಿದ್ದರು. ಕೊನೆಯ ಹೆಸರು ನನ್ನದು. ಬೆರಳು ಅದರ ಮೇಲೂ ನಿಲ್ಲುತ್ತಿತ್ತು. ಗೋಡೆ ನನ್ನನ್ನು ಬೇಡ ಎಂದಿರಬಹುದು. ಹುಟ್ಟಿದ ಮೇಲೆ ಕಾರ್ಡು ಬೇಡ ಎನ್ನಲಿಲ್ಲ.

ಎಷ್ಟು ಮಕ್ಕಳಿರಬೇಕು ಎಂಬುದು ದೊಡ್ಡವರ ಚರ್ಚೆ. ತೆರಿಗೆ ಕಟ್ಟುವವರ ಹಣಕ್ಕೆ ಮಿತಿ ಬೇಕು ಎನ್ನುವವರ ವಾದವನ್ನೂ ನಾನು ಹಗುರವಾಗಿ ನೋಡುವುದಿಲ್ಲ, ದಿನವಿಡೀ ಅವರ ನಡುವೆಯೇ ಇರುತ್ತೇನೆ. ಆದರೆ ಕಡಿತವಾದದ್ದು ದೊಡ್ಡವರ ತಪ್ಪು-ಒಪ್ಪಿನ ಲೆಕ್ಕದಿಂದಲ್ಲ, ಮೂವರೂ ಹಂಚಿಕೊಳ್ಳುವ ಊಟದಿಂದ.

2025ರ ನವೆಂಬರ್ ಬಜೆಟ್‌ನಲ್ಲಿ ಚಾನ್ಸಲರ್ ರೇಚಲ್ ರೀವ್ಸ್, 2026ರ ಏಪ್ರಿಲ್‌ನಿಂದ ಈ ಮಿತಿ ರದ್ದು ಎಂದು ಘೋಷಿಸಿದರು. ಒಂದು ಮನೆಗೆ ಸಿಗುವ ಒಟ್ಟು ನೆರವಿನ ಮೇಲಿನ ಮಿತಿ ಉಳಿದೇ ಇದೆ, ಹಾಗಾಗಿ ಕೆಲವು ಮನೆಗಳಿಗೆ ಕೈಗೆ ಏನೂ ಹತ್ತದು. ಆದರೆ ಆ ತಾಯಿಗೆ ಸಿಗುತ್ತದೆ. ಮುಂದಿನ ಶನಿವಾರ ಅವರೆದುರು ಲೆಕ್ಕ ಹಾಕಿ ತೋರಿಸಿದಾಗ ಅದೇ ಕವರನ್ನು ಮಡಿಲಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದರು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಒಳ್ಳೇದಾತು. ಇಷ್ಟು ವರ್ಷ ತಪ್ಪಿದ್ದನ್ನ ಕೊಡ್ತಾರೇನಪ್ಪಾ?"

"ಇಲ್ಲಮ್ಮ. ಹಿಂದಿನದು ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಗಿದ ವರ್ಷದ ಲೆಕ್ಕ ಮತ್ತೆ ತೆಗೆಯುವಂತಿಲ್ಲ ಎಂಬುದನ್ನು ಅವಳಿಗೆ ವಿವರಿಸಲು ನನಗೂ ಮನಸ್ಸಾಗಲಿಲ್ಲ.