ಉಪನದಿಗಳ ಲಂಡನ್

ಬೆನ್ ಆರನೋವಿಚ್ ಅವರ ‘ರಿವರ್ಸ್ ಆಫ್ ಲಂಡನ್’ ಸರಣಿಯಲ್ಲಿ ನನಗೆ ಇಷ್ಟವಾದವರ ಪಟ್ಟಿ ಮಾಡಲು ಕೂತರೆ ನಾಯಕ ಪೀಟರ್ ಗ್ರಾಂಟ್‌ನ ಹೆಸರು ಐದನೆಯದೋ ಆರನೆಯದೋ ಆಗಿ ಬರುತ್ತದೆ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಕತೆ ಹೇಳುವವನು ಅವನೇ, ಚೆನ್ನಾಗಿ ಹೇಳುತ್ತಾನೆ, ನಗಿಸುತ್ತಾನೆ ಕೂಡ. ಆದರೆ ಪುಸ್ತಕ ಮುಚ್ಚಿಟ್ಟು ವಾರ ಕಳೆದ ಮೇಲೆ, ಪಾತ್ರೆ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ ನೆನಪಿಗೆ ಬರುವವರು ಬೇರೆಯವರು. ಒಂದು ಅಧ್ಯಾಯಕ್ಕೆ ಬಂದು, ನಾಲ್ಕು ಮಾತಾಡಿ, ತಮ್ಮ ಕೆಲಸ ನೋಡಿಕೊಂಡು ಹೊರಟುಹೋದವರು.

ಸರಣಿಯನ್ನು ಓದದವರಿಗಾಗಿ ಸ್ವಲ್ಪ ಹೇಳಬೇಕು. ಮೊದಲ ಪುಸ್ತಕ ಬಂದದ್ದು 2011ರಲ್ಲಿ. ಆರನೋವಿಚ್ ಅದಕ್ಕೂ ಮೊದಲು ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಗೆ ಬರೆದವರು, ಆಮೇಲೆ ಲಂಡನ್ನಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡಿದವರು. ಅವರ ಪೀಟರ್ ಲಂಡನ್ ಪೊಲೀಸಿನ ಹೊಸ ಪೇದೆ. ಕೋವೆಂಟ್ ಗಾರ್ಡನ್ನಿನ ಚರ್ಚಿನ ಹತ್ತಿರ ಒಂದು ಕೊಲೆಯಾಗಿದೆ. ಚಳಿಯಲ್ಲಿ ಆ ಜಾಗ ಕಾಯುತ್ತ ನಿಂತವನ ಹತ್ತಿರ ಒಬ್ಬ ಬಂದು, ಕೊಲೆಯನ್ನು ತಾನು ಕಣ್ಣಾರೆ ಕಂಡೆ ಎನ್ನುತ್ತಾನೆ. ಅವನ ಹೆಸರು ನಿಕೋಲಸ್ ವಾಲ್‌ಪೆನ್ನಿ. ಒಂದೇ ತೊಡಕೆಂದರೆ ನಿಕೋಲಸ್ ಎಂದೋ ಸತ್ತವನು. ದೆವ್ವ ಕಂಡವರು ಓಡುತ್ತಾರೆ. ಪೀಟರ್ ಅವನ ಹೇಳಿಕೆ ತೆಗೆದುಕೊಳ್ಳುತ್ತಾನೆ. ಸರಣಿಯ ಸ್ವಭಾವವೆಲ್ಲ ಆ ಒಂದು ಕೆಲಸದಲ್ಲಿದೆ ಎಂದು ನನಗನ್ನಿಸುತ್ತದೆ. ಎದುರಿಗಿರುವವನು ಯಾರೇ ಆಗಿರಲಿ, ಸತ್ತವನೇ ಆಗಿರಲಿ, ಅವನಿಗೊಂದು ಹೆಸರಿದೆ, ಅವನು ಕಂಡದ್ದೊಂದಿದೆ, ಅದನ್ನು ಬರೆದುಕೊಳ್ಳಬೇಕು.

ಇವತ್ತಿನ ನಗರದ ನಡುವೆ ಮಾಟಮಂತ್ರ, ದೇವರು ದೆವ್ವಗಳನ್ನು ತಂದಿಡುವ ಇಂಥ ಕತೆಗಳನ್ನು ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ಈ ಬಗೆಯ ಕತೆಗಳಲ್ಲಿ ಸಣ್ಣ ಪಾತ್ರಗಳ ಹಣೆಬರಹ ಸಾಮಾನ್ಯವಾಗಿ ಎರಡೇ. ಒಂದು, ನಾಯಕನಿಗೆ ಬೇಕಾದ ಸುದ್ದಿ ಕೊಟ್ಟು ಮಾಯವಾಗುವುದು. ಇನ್ನೊಂದು, ನಾಯಕನಿಗೆ ಸಿಟ್ಟು ಬರಲಿ ಎಂದು ಸಾಯುವುದು. ಹೀಗಾದಾಗ ಕತೆಯ ಹೆಸರಿನಲ್ಲಷ್ಟೇ ನಗರ ಉಳಿಯುತ್ತದೆ. ಲಕ್ಷಾಂತರ ಜನರಿರುವ ಊರಿನಲ್ಲಿ ಬದುಕುವುದು ಒಬ್ಬನೇ, ಉಳಿದವರೆಲ್ಲ ಅವನ ಸುತ್ತ ನಿಲ್ಲಿಸಿದ ರಟ್ಟಿನ ಬೊಂಬೆಗಳು. ಆರನೋವಿಚ್ ಅವರ ಲಂಡನ್ ಹಾಗಿಲ್ಲ. ಪೀಟರ್ ತಿರುಗಿ ನಡೆದ ಮೇಲೂ ಅಲ್ಲಿನವರು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಡಾಕ್ಟರ್ ಅಬ್ದುಲ್ ಹಕ್ ವಾಲಿದ್ ಅವರನ್ನೇ ನೋಡಿ. ಹೆಸರು ಕೇಳಿ ನಾವು ಮನಸ್ಸಿನಲ್ಲಿ ಒಂದು ಚಿತ್ರ ಬರೆದುಕೊಂಡಿರುತ್ತೇವೆ. ಬಾಗಿಲು ತೆರೆದು ಬರುವವರು ಸ್ಕಾಟ್ಲೆಂಡಿನ ಓಬನ್ ಊರಿನ ಕೆಂಗೂದಲ ಮನುಷ್ಯ, ಇಸ್ಲಾಮಿಗೆ ಸೇರಿದವರು. ಊರಿಗೆಲ್ಲ ಅವರು ಹೊಟ್ಟೆಯ ಕಾಯಿಲೆಗಳ ತಜ್ಞ. ಮಂತ್ರ ತಗುಲಿ ಸತ್ತವರ ಶವಪರೀಕ್ಷೆ ಅವರ ಎರಡನೆಯ ಕಸುಬು. ಮಂತ್ರವನ್ನು ಮಿತಿಮೀರಿ ಬಳಸಿದವರ ಮಿದುಳು ಹೂಕೋಸಿನಂತಾಗುತ್ತದೆ ಎಂದು ಪೀಟರ್‌ಗೆ ತೋರಿಸಿಕೊಡುವವರು ಇವರೇ. ಆಗಾಗ ಅವನ ತಲೆಯನ್ನೂ ಸ್ಕ್ಯಾನ್ ಮಾಡಿಸಿ, ಸದ್ಯಕ್ಕೆ ತೊಂದರೆಯಿಲ್ಲ ಎಂದು ಕಳಿಸುತ್ತಾರೆ. ನನಗೆ ಅವರು ಇಷ್ಟವಾಗುವುದು ಅವರ ಕುತೂಹಲಕ್ಕೆ. ಸುತ್ತಲಿನವರು ಶತ್ರುವನ್ನು ಹುಡುಕುತ್ತಿರುವಾಗ ಇವರು ಕಾರಣ ಹುಡುಕುತ್ತಾರೆ. ನಾಯಕನ ಸಾಹಸಕ್ಕೆ ಬೆರಗಾಗುವಷ್ಟು ಪುರುಸೊತ್ತು ಅವರಿಗಿಲ್ಲ. ಆ ಕಡೆ ವಾರ್ಡಿನಲ್ಲಿ ನಿಜವಾದ ಹೊಟ್ಟೆನೋವಿನವರು ಕಾಯುತ್ತಿರಬೇಕು.

ಪೀಟರ್‌ನ ತಾಯಿಯೂ ಹೀಗೆಯೇ. ಸಿಯೆರಾ ಲಿಯೋನ್ ದೇಶದಿಂದ ಬಂದವರು, ಲಂಡನ್ನಿನ ಕಚೇರಿಗಳಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ. ಅಪ್ಪ ಜಾಝ್ ಸಂಗೀತಗಾರ; ಹೆರಾಯಿನ್ ಚಟಕ್ಕೆ ಬಿದ್ದು ಕೈಗೆ ಬಂದಿದ್ದ ಹೆಸರನ್ನು ಕಳೆದುಕೊಂಡವನು. ಅಪ್ಪನ ಕತೆಗೆ ದುರಂತದ ಬೆಳಕಿದೆ, ಅದನ್ನು ಕೇಳಲು ಜನ ಸೇರುತ್ತಾರೆ. ಅಮ್ಮನ ಕತೆ ಕೇಳುವವರಿಲ್ಲ, ಆದರೆ ಮನೆಯ ಒಲೆ ಉರಿದದ್ದು ಅವರಿಂದ. ಮಂತ್ರ ಕಲಿತು ಬಂದ ಮಗನನ್ನು ನೋಡಿ ಬೆಚ್ಚುವ ತಾಯಿಯೂ ಅವರಲ್ಲ. ಅವರು ಬೆಳೆದ ಕಡೆ ಇಂಥದ್ದು ಇದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಪತ್ತೆದಾರಿ ಕತೆಯೊಂದರಲ್ಲಿ ನೆಲ ಒರೆಸುವ ಹೆಂಗಸು ಸಾಮಾನ್ಯವಾಗಿ ಹೆಣವನ್ನು ಮೊದಲು ಕಂಡು ಕಿರುಚುವುದಕ್ಕೆ ಬರುತ್ತಾಳೆ. ಇಲ್ಲಿ ಅವಳು ಪತ್ತೆದಾರನನ್ನೇ ಸಾಕಿ ಬೆಳೆಸಿದವಳು.

ಇನ್ನು ನದಿಗಳು. ಸರಣಿಗೆ ಹೆಸರು ಕೊಟ್ಟವರೇ ಅವರು. ಥೇಮ್ಸ್ ನದಿಗೆ ಇಲ್ಲಿ ಇಬ್ಬರು ದೇವತೆಗಳು. ಮೇಲ್ದಂಡೆಯಲ್ಲಿ ಫಾದರ್ ಥೇಮ್ಸ್, ಬಹಳ ಹಳಬ. ಕೆಳಗೆ, ಲಂಡನ್ ನಗರದೊಳಗೆ ಮಾಮಾ ಥೇಮ್ಸ್. (ಮಾಮಾ ಎಂದರೆ ತಾಯಿ, ನಮ್ಮ ಸೋದರಮಾವನಲ್ಲ.) ನರ್ಸ್ ತರಬೇತಿಗೆಂದು ನೈಜೀರಿಯಾದಿಂದ ಬಂದ ಹುಡುಗಿಯೊಬ್ಬಳು ಪ್ರೀತಿಸಿದವನು ಕೈಬಿಟ್ಟಾಗ ಲಂಡನ್ ಬ್ರಿಡ್ಜಿನಿಂದ ನದಿಗೆ ಹಾರುತ್ತಾಳೆ. ನದಿ ಅವಳನ್ನು ಕೊಲ್ಲುವುದಿಲ್ಲ, ಖಾಲಿ ಬಿದ್ದಿದ್ದ ತನ್ನ ಪೀಠದಲ್ಲಿ ಕೂರಿಸುತ್ತದೆ. ಪೀಠ ಖಾಲಿಯಾದದ್ದಕ್ಕೆ ಇತಿಹಾಸದ ಕಾರಣವಿದೆ. 1858ರ ಬೇಸಿಗೆಯಲ್ಲಿ ಊರಿನ ಕೊಳಚೆಯೆಲ್ಲ ಸೇರಿ ಥೇಮ್ಸ್ ಎಷ್ಟು ನಾರಿತೆಂದರೆ ದಡದಲ್ಲಿದ್ದ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಯಿತು. ಆಮೇಲೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ನಗರಕ್ಕೆ ದೊಡ್ಡ ಒಳಚರಂಡಿ ಜಾಲವನ್ನೇ ಕಟ್ಟಿದ. ಇದು ನಡೆದದ್ದು. ಆರನೋವಿಚ್ ಸೇರಿಸಿದ್ದು ಇಷ್ಟು: ಆ ಹೊಲಸಿನಲ್ಲಿ ಫಾದರ್ ಥೇಮ್ಸ್‌ನ ಮಕ್ಕಳಾದ ಲಂಡನ್ನಿನ ಕಿರುನದಿಗಳು ಸತ್ತುಹೋದವು, ಅಪ್ಪ ಊರು ಬಿಟ್ಟು ಮೇಲಕ್ಕೆ ಹೋದವನು ಮತ್ತೆ ಕೆಳಗಿಳಿಯಲಿಲ್ಲ.

ಸತ್ತ ಗಂಡುಮಕ್ಕಳ ಜಾಗದಲ್ಲಿ ಈಗ ಮಾಮಾ ಥೇಮ್ಸ್‌ಳ ಹೆಣ್ಣುಮಕ್ಕಳಿದ್ದಾರೆ. ಟೈಬರ್ನ್, ಫ್ಲೀಟ್, ಎಫ್ರಾ, ಬೆವರ್ಲಿ ಬ್ರೂಕ್, ಪುಟ್ಟ ಹುಡುಗಿ ಬ್ರೆಂಟ್. ಫ್ಲೀಟ್ ನಿಜಕ್ಕೂ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಹುಟ್ಟಿ, ಊರಿನಡಿಯ ಕೊಳವೆಗಳಲ್ಲಿ ಹರಿದು, ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಬಳಿ ಥೇಮ್ಸ್ ಸೇರುವ ಹೊಳೆ. ಅದರ ಹೆಸರು ಹೊತ್ತ ಫ್ಲೀಟ್ ಸ್ಟ್ರೀಟ್ ಪತ್ರಿಕೆಗಳಿಗಾಗಿ ಜಗತ್ತಿಗೆಲ್ಲ ಗೊತ್ತು. ಹೊಳೆ ಯಾರಿಗೂ ಗೊತ್ತಿಲ್ಲ. ನದಿಯನ್ನು ಹೆಣ್ಣೆಂದೂ ತಾಯಿಯೆಂದೂ ಕರೆಯುವುದು ಕನ್ನಡದ ಓದುಗರಿಗೆ ಹೊಸದಲ್ಲ, ಕಾವೇರಿಯನ್ನು ನಾವು ಬೇರೆ ಹೇಗೂ ಕರೆದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಚರಂಡಿಯಾದ ಹೊಳೆಗೂ ದೇವತೆಯ ಮರ್ಯಾದೆ ಕೊಟ್ಟದ್ದು. ಬೆಂಗಳೂರಿನ ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎನ್ನುವ ನಂಬಿಕೆ ನಮ್ಮಲ್ಲಿದೆ. ಅವಳು ಅರ್ಕಾವತಿಯನ್ನು ಸೇರುತ್ತಾಳೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ಮೈಸೂರು ರಸ್ತೆಯಲ್ಲಿ ಹೋಗುವ ನಾವು ಮಾತ್ರ ಬಸ್ಸಿನ ಕಿಟಕಿ ಮುಚ್ಚಿ ‘ಕೆಂಗೇರಿ ಮೋರಿ’ ಎನ್ನುತ್ತೇವೆ. ಕಾವೇರಿಗೆ ತೀರ್ಥೋದ್ಭವದ ದಿನ ಸಾವಿರಾರು ಜನ. ವೃಷಭಾವತಿಗೆ ಮೂಗು ಮುಚ್ಚಿದ ಕರವಸ್ತ್ರ. ಹೊಳೆಗಳಲ್ಲೂ ಮುಖ್ಯ ಪಾತ್ರ, ಸಣ್ಣ ಪಾತ್ರ ಅಂತಿದೆ. ಯಾರು ಯಾವುದಾಗಬೇಕೆಂದು ಹೊಳೆಯನ್ನು ಕೇಳಿ ತೀರ್ಮಾನಿಸುವುದಿಲ್ಲ.

ಪಟ್ಟಿಯ ಮೊದಲ ಹೆಸರು ಇನ್ನೂ ಬಂದಿಲ್ಲ. ಅವಳು ಮೊಲ್ಲಿ. ಬ್ರಿಟಿಷ್ ಮಾಂತ್ರಿಕರ ಹಳೆಯ ಕೇಂದ್ರವಾದ ಫಾಲಿ ಎಂಬ ದೊಡ್ಡ ಮನೆ ರಸೆಲ್ ಸ್ಕ್ವೇರಿನಲ್ಲಿದೆ. ಅಲ್ಲೀಗ ಉಳಿದವರು ಪೀಟರ್‌ನ ಗುರು ನೈಟಿಂಗೇಲ್, ಪೀಟರ್, ಟೋಬಿ ಎಂಬ ನಾಯಿ, ಮತ್ತು ಮನೆ ನೋಡಿಕೊಳ್ಳುವ ಮೊಲ್ಲಿ. ಅವಳು ಮನುಷ್ಯಳಲ್ಲ. ನೂರು ವರ್ಷ ಹಿಂದಿನ ಕೆಲಸದವರ ಉಡುಪು, ಚೂಪು ಹಲ್ಲು, ಸದ್ದಿಲ್ಲದೆ ತೇಲಿಬಂದಂಥ ನಡಿಗೆ. ಮಾತೇ ಆಡುವುದಿಲ್ಲ. ನಾಲ್ಕು ಹೊಟ್ಟೆಗೆ ನಲವತ್ತು ಜನರ ಅಡುಗೆ ಮಾಡುತ್ತಾಳೆ. ಮಿಕ್ಕದ್ದರಲ್ಲಿ ಬಹುಪಾಲು ಟೋಬಿಯ ಪಾಲು. ಮೊದಲು ಅವೇ ಹಳೆಯ ಕಾಲದ ಮಾಂಸದ ಪುಡಿಂಗುಗಳು. ಆಮೇಲೆ ಜೇಮಿ ಆಲಿವರ್‌ನ ಅಡುಗೆ ಪುಸ್ತಕ ಕೈಗೆ ಸಿಕ್ಕು ಹೊಸ ಪ್ರಯೋಗಗಳು ಶುರುವಾಗುತ್ತವೆ. ಓದುವಾಗ ನಗು ಬರುತ್ತದೆ. ನಕ್ಕ ಮೇಲೆ ಒಂದು ಪ್ರಶ್ನೆ ಹಾಗೇ ಕೂರುತ್ತದೆ. ಇವಳಿಗೆ ಸಂಬಳವಿದೆಯೇ? ರಜೆ? ಹೊರಗೆ ಹೋಗುವ ಆಸೆ? ಈ ಮನೆ ಅವಳಿಗೆ ಆಶ್ರಯವೋ ಬಂದಿಖಾನೆಯೋ? ಮನೆಯೊಳಗೆ ಮೆತ್ತಗೆ ಓಡಾಡಿಕೊಂಡಿರುವ, ಎಲ್ಲರಿಗೂ ಬಡಿಸಿ ತಾನು ಯಾವಾಗ ಉಂಡಳೆಂದು ಯಾರಿಗೂ ಗೊತ್ತಾಗದ ಹೆಂಗಸನ್ನು ನೋಡಲು ನಮ್ಮಲ್ಲಿ ಯಾರೂ ಲಂಡನ್ನಿಗೆ ಹೋಗಬೇಕಿಲ್ಲ. ಅಂಥವಳನ್ನು ಪ್ರೀತಿಸುವುದು ಸುಲಭ. ಆ ಪ್ರೀತಿ ಅವಳ ಅಡುಗೆಗೋ ಅವಳಿಗೋ ಎಂದು ಕೇಳಿಕೊಳ್ಳುವುದು ಕಷ್ಟ. ಪೀಟರ್‌ಗೆ ಅವಳ ಬಗ್ಗೆ ಇರುವುದು ಅರ್ಧ ಭಯ, ಅರ್ಧ ಸಲಿಗೆ. ಮೊದಲ ಪುಸ್ತಕದ ಕೊನೆಗೆ, ಲಂಡನ್ನಿನ ಹಳೆಯ ಕಾಲದೊಳಗೆ ಇಳಿಯಬೇಕಾದಾಗ, ಅವನು ಅವಳ ಹಲ್ಲಿಗೆ ತನ್ನ ರಕ್ತವನ್ನೇ ಒಪ್ಪಿಸಬೇಕಾಗುತ್ತದೆ. ಅವತ್ತು ಅವಳು ಬಡಿಸುವವಳಲ್ಲ, ಉಣ್ಣುವವಳು. ಅವನ ಜೀವ ಅವಳ ಸಂಯಮದ ಮೇಲೆ ನಿಂತಿರುತ್ತದೆ.

ಇಷ್ಟವಾದ ಸಣ್ಣ ಪಾತ್ರಕ್ಕೆ ಬೇರೆಯದೇ ಪುಸ್ತಕ ಬರಬೇಕೆನ್ನುವುದು ಓದುಗರ ಹಳೆಯ ಆಸೆ. ಈ ಸರಣಿಯಲ್ಲಿ ಅದು ನಡೆದೂ ಇದೆ. ಪೀಟರ್‌ನ ಸಂಬಂಧಿಕರ ಹುಡುಗಿ ಅಬಿಗೇಲ್ ಎಲ್ಲೆಲ್ಲೋ ಮೂಗು ತೂರಿಸುವ ಚೂಟಿ ಹುಡುಗಿಯಾಗಿ ಬಂದವಳು. 2021ರ ‘ವಾಟ್ ಅಬಿಗೇಲ್ ಡಿಡ್ ದಟ್ ಸಮ್ಮರ್’ ಕಿರುಕಾದಂಬರಿಯಲ್ಲಿ ಮಾತಾಡುವ ನರಿಗಳ ಜೊತೆ ತಾನೇ ನಾಯಕಿಯಾದಳು. ಅದು ಸೊಗಸಾದ ಪುಸ್ತಕ. ಹಿಜಾಬ್ ತೊಟ್ಟ ಸೊಮಾಲಿ ಮೂಲದ ಪೊಲೀಸ್ ಅಧಿಕಾರಿ ಸಹ್ರಾ ಗುಲೀದ್ ಕೂಡ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತ ಹೋದವಳು. ಆದರೂ ಎಲ್ಲರಿಗೂ ಬಡ್ತಿ ಸಿಗಬೇಕೆಂದು ನನಗನ್ನಿಸುವುದಿಲ್ಲ. ಮೊಲ್ಲಿಯ ಪುಸ್ತಕ ಬಂದರೆ ಅವಳು ಮಾತಾಡಬೇಕಾಗುತ್ತದೆ. ಮಾತಾಡಿದರೆ ನಮ್ಮ ಪ್ರಶ್ನೆಗಳಿಗೆ ಉತ್ತರ ಸಿಕ್ಕಿ, ನಾವು ನೆಮ್ಮದಿಯಿಂದ ಅವಳನ್ನು ಮರೆಯಬಹುದು. 2018ರ ‘ಲೈಸ್ ಸ್ಲೀಪಿಂಗ್’ನಲ್ಲಿ ಅವಳ ಸೋದರಿ ಫಾಕ್ಸ್‌ಗ್ಲೋವ್ ಬರುತ್ತಾಳೆ, ಶತ್ರುವಿನ ಹಿಡಿತದಲ್ಲಿ ಚಿತ್ರ ಬರೆಯುತ್ತ ಕೂತವಳು. ಮೊಲ್ಲಿಗೂ ತನ್ನವರೊಬ್ಬರಿದ್ದರು, ತಾನು ಕಳೆದುಕೊಂಡವರಿದ್ದರು ಎಂದು ಅಷ್ಟರಿಂದಲೇ ತಿಳಿಯುತ್ತದೆ. ಇಷ್ಟು ವರ್ಷ ಅವಳು ಪುಡಿಂಗು ಬೇಯಿಸುತ್ತಿದ್ದ ಅಡುಗೆಮನೆಯನ್ನು ಆಮೇಲೆ ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ. ಲೇಖಕರು ಬಾಗಿಲನ್ನು ಒಂದು ಗೇಣು ತೆರೆದು ಬಿಟ್ಟಿದ್ದಾರೆ. ಪೂರ್ತಿ ತೆರೆಯದಿರುವುದೂ ಒಂದು ಗೌರವವೇ.

ನಮ್ಮ ಬೀದಿಗೆ ಕಾವೇರಿ ನೀರು ಬಿಡುವವರೊಬ್ಬರಿದ್ದಾರೆ. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬೈಕಿನಲ್ಲಿ ಬರುತ್ತಾರೆ, ರಸ್ತೆಯ ಮೇಲಿನ ಮುಚ್ಚಳ ತೆಗೆದು ತಿರುಗಿಸುತ್ತಾರೆ, ಮುಂದಿನ ಬೀದಿಗೆ ಹೋಗುತ್ತಾರೆ. ನನ್ನ ಫೋನಿನಲ್ಲಿ ಅವರ ನಂಬರಿನ ಮುಂದೆ ‘ನೀರು’ ಎಂದಿದೆ. ಒಮ್ಮೆ ನಾನು ಕರೆ ಮಾಡಿದಾಗ ಅವರು ಎದುರಿಗೇ ನಿಂತಿದ್ದರು. ಅವರ ಪರದೆಯ ಮೇಲೆ ಮೂಡಿದ ನನ್ನ ಹೆಸರು ‘ಥರ್ಡ್ ಕ್ರಾಸ್’. ಇಬ್ಬರಿಗೂ ನಗು ಬಂತು. ಅವರ ದಿನದಲ್ಲಿ ನಾನು ಎರಡು ಸಾಲಿನ ಪಾತ್ರ, ನನ್ನ ದಿನದಲ್ಲಿ ಅವರು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಊರೆಂದರೆ ಎಲ್ಲರೂ ಎಲ್ಲರಿಗೂ ಮುಖ್ಯರಾಗುವ ಜಾಗವಲ್ಲ. ಎದುರಿನವರ ಎರಡು ಸಾಲಿನ ಆಚೆಗೂ ಅವರದೊಂದು ಪುಸ್ತಕವಿದೆ ಎಂಬ ಅಂದಾಜು ಇದ್ದರೆ ಸಾಕು. ನೀರು ಬಾರದ ದಿನ ಫೋನಿನಲ್ಲಿ ಯಾವ ದನಿಯಲ್ಲಿ ಮಾತಾಡುತ್ತೇವೆ ಎನ್ನುವುದು ಆ ಅಂದಾಜಿನ ಮೇಲೆ ನಿಂತಿದೆ.

2017ರ ‘ದಿ ಫರ್ದೆಸ್ಟ್ ಸ್ಟೇಷನ್’ ಎಂಬ ಕಿರುಕಾದಂಬರಿಯಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಲೈನ್ ರೈಲುಗಳಲ್ಲಿ ದೆವ್ವಗಳು ಕಾಣಿಸಿಕೊಳ್ಳತೊಡಗುತ್ತವೆ. ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವರ ಹತ್ತಿರ ಬಂದು ಏನನ್ನೋ ಹೇಳಲು ಒದ್ದಾಡುತ್ತವೆ. ಜನ ಪೊಲೀಸರಿಗೆ ದೂರು ಕೊಡುತ್ತಾರೆ, ಆದರೆ ಪೊಲೀಸರು ವಿಚಾರಿಸಲು ಬರುವಷ್ಟರಲ್ಲಿ ಕಂಡದ್ದನ್ನು ಮರೆತಿರುತ್ತಾರೆ. ರೈಲ್ವೆ ಪೊಲೀಸ್ ಸಾರ್ಜೆಂಟ್ ಜಗೆಟ್ ಕುಮಾರ್ ಮತ್ತು ಪೀಟರ್ ಅದೇ ರೈಲುಗಳಲ್ಲಿ ಮತ್ತೆ ಮತ್ತೆ ಪ್ರಯಾಣ ಮಾಡುತ್ತಾರೆ, ಕಾಯುತ್ತಾರೆ, ಯಾವುದೋ ಮಬ್ಬು ಆಕೃತಿ ಮೂಡಿ ಕರಗುವ ಮೊದಲು ಅದು ಹೇಳಿದ ಅರೆಬರೆ ಮಾತನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಸರಣಿಯ ದೊಡ್ಡ ಯುದ್ಧಗಳು, ಬೆಂಕಿಯುಂಡೆಗಳು, ಕುಸಿದ ಕಟ್ಟಡಗಳು ನನ್ನ ತಲೆಯಲ್ಲಿ ಆಗಲೇ ಒಂದರೊಳಗೊಂದು ಕಲಸಿಹೋಗಿವೆ. ತುಂಬಿದ ರೈಲಿನ ಡಬ್ಬಿಯಲ್ಲಿ ಇಬ್ಬರು ಪೊಲೀಸರು ಯಾರಿಗೂ ಬೇಡದ ಒಂದು ದನಿಗೆ ಕಿವಿಗೊಟ್ಟು ನಿಂತದ್ದು ಮಾತ್ರ ಕಲಸಿಹೋಗಿಲ್ಲ.