ಕಟ್ಟೆ ಒಡೆಯಲಿಲ್ಲ, ಊರು ಉಳಿಯಲಿಲ್ಲ

ವೆನಿಸ್‌ನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಆಲ್ಪ್ಸ್ ಪರ್ವತಗಳ ನಡುವೆ, ಪಿಯಾವೆ ನದಿಯ ದಂಡೆಯಲ್ಲಿ ಲೊಂಗರೋನೆ ಎಂಬ ಪಟ್ಟಣವಿದೆ. ಎದುರಿನ ಬೆಟ್ಟದಲ್ಲಿ ಕೊಡಲಿಯಿಂದ ಕಡಿದಂಥ ಸೀಳು. ಅದರೊಳಗಿಂದ ಬಂದು ಪಿಯಾವೆಯನ್ನು ಸೇರುವ ತೊರೆಯೇ ವಯೊಂತ್. ಹಿಂದೆ ಹಿಮನದಿಯೊಂದು ಅಗಲಿಸಿದ ಕಣಿವೆಯನ್ನು ಈ ತೊರೆ ಸಾವಿರಾರು ವರ್ಷ ಕೊಯ್ದು ಆಳವಾದ ಸುಣ್ಣಕಲ್ಲಿನ ಕಮರಿ ಮಾಡಿತು. ಸಮೀಪದ ಕೊದಿಸ್ಸಾಗೊದ ಜನ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಪಿಯಾವೆಯಲ್ಲಿ ವೆನಿಸ್‌ವರೆಗೂ ತೇಲಿಸುತ್ತಿದ್ದರು. ವಯೊಂತ್ ಹೊರಗಿನವರ ಕಣ್ಣಿಗೆ ಬಿದ್ದದ್ದು ವಿದ್ಯುತ್ತಿನ ಕಾಲದಲ್ಲಿ.

ಎಂಜಿನಿಯರರಿಗೆ ಆ ಕಮರಿ ದೇವರೇ ಕೊಟ್ಟ ಜಾಗ. 1960ರ ಹೊತ್ತಿಗೆ ಅಲ್ಲಿ 261 ಮೀಟರ್ ಎತ್ತರದ ಕಮಾನು ಅಣೆಕಟ್ಟು ಎದ್ದಿತು. ತೊರೆಯ ನೀರು ಸಾಲದೆಂದು ಪಿಯಾವೆ ಮತ್ತಿತರ ಹೊಳೆಗಳ ನೀರನ್ನೂ ತಂದು ತುಂಬಿಸಿದರು.

ಅವರೆಲ್ಲ ಗೋಡೆಯ ಗಟ್ಟಿತನ ನೋಡಿದರು. ನೋಡಬೇಕಾದದ್ದು ಎಡದಂಡೆಯ ತೊಕ್ ಬೆಟ್ಟವನ್ನು. ಸ್ಥಳೀಯ ನುಡಿಯಲ್ಲಿ ಆ ಹೆಸರಿಗೆ ಕೊಳೆತದ್ದು ಎಂಬ ಅರ್ಥ ಹೇಳುವವರಿದ್ದಾರೆ. ಬಹಳ ಹಿಂದೆಯೇ ಜಾರಿ ನಿಂತ ಗುಡ್ಡವದು ಎಂದು ಗುರುತಿಸಿದವನು ಭೂವಿಜ್ಞಾನಿ ಎದೊಆರ್ದೊ ಸೆಮೆಂಜಾ, ಅಣೆಕಟ್ಟಿನ ವಿನ್ಯಾಸಕಾರ ಕಾರ್ಲೊ ಸೆಮೆಂಜಾನ ಸ್ವಂತ ಮಗ! ಅಪ್ಪ 1961ರಲ್ಲಿ ತೀರಿಕೊಂಡ. ಅದಕ್ಕೆ ಮುಂಚೆಯೇ, 1960ರ ನವೆಂಬರಿನಲ್ಲಿ, ಬೆಟ್ಟದ ಮೈಮೇಲೆ ಎರಡು ಕಿಲೋಮೀಟರ್ ಉದ್ದದ ಬಿರುಕು ಬಾಯಿಬಿಟ್ಟಿತ್ತು. ಅಪಾಯವಿದೆ ಎಂದು ಬರೆದ ಪತ್ರಕರ್ತೆ ತೀನಾ ಮೆರ್ಲಿನ್ ಮೇಲೆ ಮೊಕದ್ದಮೆ ಹೂಡಿದರು. ನ್ಯಾಯಾಲಯ ಆಕೆಯನ್ನು ಬಿಟ್ಟಿತು. ಜಲಾಶಯದ ಮಟ್ಟವನ್ನು ನಿಧಾನವಾಗಿ ಏರಿಸಿ ಇಳಿಸಿದರೆ ಬೆಟ್ಟವೂ ನಿಧಾನವಾಗಿ ಜಾರೀತು ಎಂಬುದು ಮೇಲಿನವರ ಲೆಕ್ಕ.

1963ರ ಅಕ್ಟೋಬರ್ 9, ರಾತ್ರಿ 10 ಗಂಟೆ 39 ನಿಮಿಷ. ಸುಮಾರು 27 ಕೋಟಿ ಘನ ಮೀಟರ್ ಕಲ್ಲುಮಣ್ಣು ಒಂದು ನಿಮಿಷದೊಳಗೆ ಜಲಾಶಯಕ್ಕೆ ಕುಸಿಯಿತು. ನೀರು ಗೋಡೆಯನ್ನು ಹಾರಿ ಕಮರಿಯಿಂದ ನುಗ್ಗಿತು. ಲೊಂಗರೋನೆ ಕೆಲವೇ ನಿಮಿಷಗಳಲ್ಲಿ ನೆಲಸಮ. ಪಕ್ಕದ ಪಿರಾಗೊದಲ್ಲಿ ಚರ್ಚಿನ ಗಂಟೆಗೋಪುರ ಮಾತ್ರ ಹೇಗೋ ನಿಂತಿತು. ಸತ್ತವರು ಸುಮಾರು ಎರಡು ಸಾವಿರ.

ಅಣೆಕಟ್ಟಿಗೆ ಮೇಲಂಚಿನಲ್ಲಿ ತುಸು ಪೆಟ್ಟಾಯಿತು, ಅಷ್ಟೆ. ಇಂದಿಗೂ ಅದು ಅಲ್ಲೇ ಇದೆ. ಅದರ ಹಿಂದೆ ನೀರಿಲ್ಲ. ಜಾರಿಬಂದ ಗುಡ್ಡವಿದೆ, ಅದರ ಮೇಲೆ ಕಾಡು ಬೆಳೆದಿದೆ. ಮೇಲಿನ ಎರ್ತೊ ಊರಿನವರನ್ನು ತೆರವು ಮಾಡಿಸಿ, 1971ರಲ್ಲಿ ದೂರದ ಬಯಲಿನಲ್ಲಿ ಹೊಸ ಊರು ಸ್ಥಾಪಿಸಿದರು. ಹಲವರು ಹಟ ಹಿಡಿದು ಹಳೆಯ ಕಲ್ಲುಮನೆಗಳಿಗೇ ಮರಳಿದರು. ಬಯಲಿನ ಊರಿಗೆ ಇಟ್ಟ ಹೆಸರು ವಯೊಂತ್. ತೊರೆ ಮಾತ್ರ ಅಲ್ಲಿ ಹರಿಯುವುದಿಲ್ಲ.