ತೋಟದ ಬಾಗಿಲು ಮತ್ತು ಯತ್ನಾಚಾರ

ಗೃಹಸ್ಥನಾದವನು ಹಿಂಸೆಯಿಂದ ಸಂಪೂರ್ಣವಾಗಿ ಪಾರಾಗಿರಲಾರನೆಂಬುದನ್ನು ನಮ್ಮ ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಆದ್ದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಮೊದಲನೆಯದನ್ನು ಶ್ರಾವಕನು ಬಿಡಲೇಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದ ನಡೆಯಬೇಕೆಂದೂ ವಿಧಿಸಿದರು. ಪ್ರವಚನಗಳಲ್ಲಿ ಪದೇ ಪದೇ ಕೇಳಿದ ಈ ಮಾತಿನ ಅರ್ಥವು ಉಳಿ, ಗರಗಸಗಳನ್ನು ಕೈಯಲ್ಲಿ ಹಿಡಿದಾಗ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ನಮ್ಮ ಮನೆಯಿದೆ. ಪಕ್ಕದ ಕಿರುಜಾಗದಲ್ಲಿ ಮಲ್ಲಿಗೆ, ದಾಸವಾಳ, ಒಂದು ಕರಿಬೇವು. ಇಷ್ಟೇ ನಮ್ಮ ತೋಟ. ಪ್ರಸನ್ನ ವೀರಾಂಜನೇಯ ದೇವಾಲಯವಿರುವ ಗುಡ್ಡದ ಕಡೆಯಿಂದ ಇಳಿಜಾರಾಗಿರುವ ಬೀದಿಯಾದುದರಿಂದ ಮಳೆಗಾಲದಲ್ಲಿ ನೀರು ತೋಟದ ಬಾಗಿಲ ಬುಡದಲ್ಲಿಯೇ ಹರಿಯುತ್ತದೆ. ಮನೆಯನ್ನು ಕೊಂಡಾಗಲೇ ಇದ್ದ ಹಳೆಯ ಮರದ ಬಾಗಿಲು ನೆಲಕ್ಕೆ ತಾಗಿಕೊಂಡಿದ್ದಿತು. ತೇವ ಹಿಡಿದ ಆ ಮರಕ್ಕೆ ಕ್ರಮೇಣ ಗೆದ್ದಲು ಹತ್ತಿತು.

ಸೀಮೆಎಣ್ಣೆ ಸುರಿದು ಅದನ್ನು ಸುಟ್ಟುಬಿಡಿ, ನೆಲಕ್ಕೆ ವಿಷ ಹಾಕಿಸಿ ಎಂದು ಹಿತೈಷಿಗಳು ಹೇಳಿದರು. ವ್ರತನಿಷ್ಠರಾದ ನಮ್ಮ ತಾಯಿಯವರು ಒಪ್ಪಲಿಲ್ಲ. “ಒಣಮರ ಅವುಗಳ ಆಹಾರ. ಅದನ್ನು ಒಯ್ದು ಅವುಗಳ ಬಾಯಿಗೆ ಇಟ್ಟವರು ಮನುಷ್ಯರೇ ಅಲ್ಲವೆ?” ಎಂದರು. ಈ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಬಾಗಿಲನ್ನು ಕಳಚಿ ಅಲ್ಲಿಯೇ ಬರಿಯ ಮಣ್ಣಿನ ಮೇಲೆ ಬಿಸಿಲಿಗೆ ತೆರೆದಿಟ್ಟೆವು. ಬೆಳಕು, ಗಾಳಿ ತಗುಲಿದ ಕಡೆ ಗೆದ್ದಲು ನಿಲ್ಲುವುದಿಲ್ಲ. ಕೆಲವು ದಿನಗಳಲ್ಲಿ ಮರ ಬಹುಮಟ್ಟಿಗೆ ಬರಿದಾಯಿತು.

ಹೊಸ ಬಾಗಿಲನ್ನು ನಾನೇ ಮಾಡಲು ತೊಡಗಿದೆನು. ಅಗಲ 3 ಅಡಿ, ಎತ್ತರ 4 ಅಡಿ. ಅದಕ್ಕಾಗಿ ಹೊಸದಾಗಿ ಮರ ಕಡಿಯಿಸುವುದು ಬೇಡವೆಂದು, ಕೆಡವಿದ ಮನೆಯೊಂದರ ತೇಗದ ತೊಲೆಯನ್ನು ತಂದೆನು. ಅಗತ್ಯವಿಲ್ಲದೆ ನೆಲವನ್ನು ಅಗೆಯುವುದನ್ನೂ ಗಿಡಮರಗಳನ್ನು ಕಡಿಯುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಕರೆದು, ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ತೇಗದ ತಿರುಳನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ; ಹೊರಪದರದ ಬಿಳಿಮರಕ್ಕೆ ಆ ಗುಣವಿಲ್ಲವಾದ್ದರಿಂದ ಅದನ್ನು ಕೆತ್ತಿ ತೆಗೆದೆನು. ಬಾಗಿಲನ್ನು ಕಲ್ಲಿನ ಕಂಬಕ್ಕೆ ತೂಗಿಸಿ, ನೆಲದಿಂದ 3 ಅಂಗುಲ ಮೇಲಕ್ಕೆ ನಿಲ್ಲಿಸಿದೆನು. ನೆಲದಿಂದ ಬರುವ ಗೆದ್ದಲು ಕಲ್ಲನ್ನು ಹತ್ತಬೇಕಾದರೆ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡೇ ಹತ್ತಬೇಕು. ಅದು ಕಣ್ಣಿಗೆ ಬೀಳುತ್ತದೆ. ಮೊದಲ ದಿನವೇ ಮೃದುವಾಗಿ ಒರೆಸಿಬಿಡಬಹುದು. ಪಟ್ಟಿಗಳ ತುದಿಯನ್ನು ಇಳಿಜಾರಾಗಿ ಕೊಯ್ದು, ನಡುವೆ ಕಿರುಸಂದು ಬಿಟ್ಟುದರಿಂದ ನೀರು ನಿಲ್ಲುವುದಿಲ್ಲ. ಬಾಗಿಲು ಜೋಲದಂತೆ ಓರೆಯಾಗಿ ಜೋಡಿಸುವ ಪಟ್ಟಿಯ ಕೆಳತುದಿ ಕೀಲಿನ ಕಡೆಗೂ ಮೇಲ್ತುದಿ ಚಿಲಕದ ಕಡೆಗೂ ಇರಬೇಕು. ಆಗ ಭಾರವು ಕಂಬಕ್ಕೆ ಇಳಿಯುತ್ತದೆ. ಮರವನ್ನು ಒಣದಾಗಿ ಇಡುವ ವಿದ್ಯೆ ನಮ್ಮ ಹಿರಿಯರಿಗೆ ಹೊಸದಲ್ಲ. 1430ರಲ್ಲಿ ನಿರ್ಮಾಣವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳು ಕರಾವಳಿಯ ಭಾರಿ ಮಳೆಯನ್ನು ಇಂದಿಗೂ ಹೊರಕ್ಕೆ ಚೆಲ್ಲುತ್ತಿವೆ.

ಆ ಮೇಲೆ ಸಾಮಗ್ರಿಗಳ ಪ್ರಶ್ನೆ ಬಂದಿತು. ಬಡಗಿಗಳು ಹಿಂದೆ ಬಳಸುತ್ತಿದ್ದ ಸರೇಸು ಎಂಬ ಅಂಟು ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ತೆಗೆದುದು. ಮರಕ್ಕೆ ಹೊಳಪು ಕೊಡುವ ಅರಗು ಒಂದು ಬಗೆಯ ಕೀಟದ ಸ್ರಾವ. ಕೊಂಬೆಗಳಿಂದ ಅದನ್ನು ಕೆರೆದು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಶ್ರಾವಕನು ಮಾಡಬಾರದ ವ್ಯಾಪಾರಗಳ ಪಟ್ಟಿಯಲ್ಲಿ ಲಾಕ್ಷಾವಾಣಿಜ್ಯವೂ ಸೇರಿರುವುದು ಸುಮ್ಮನೆ ಅಲ್ಲ. ಬಣ್ಣ ಬಳಿಯುವ ಅನೇಕ ಕುಂಚಗಳ ಕೂದಲು ಹಂದಿಯದು. ಇವುಗಳ ಬದಲು ಕೃತಕ ಅಂಟು, ಅಗಸೆ ಎಣ್ಣೆ, ನೈಲಾನ್ ಕುಂಚಗಳನ್ನು ಬಳಸಿದೆನು. ಎಣ್ಣೆಯನ್ನು ಬೆಳಗಿನ ಹೊತ್ತಿನಲ್ಲಿ ತೆಳ್ಳಗೆ ಬಳಿದು, ಮಿಕ್ಕುದನ್ನು ಬಟ್ಟೆಯಿಂದ ಒರೆಸಿ, ಸಂಜೆಗೆ ಮುಂಚೆ ಬಾಗಿಲನ್ನು ದೀಪದಿಂದ ದೂರವಿರಿಸುತ್ತಿದ್ದೆನು. ದೀಪಕ್ಕೆ ಬರುವ ಹುಳುಗಳು ಹಸಿ ಎಣ್ಣೆಗೆ ಅಂಟಿ ಸಾಯಬಾರದಷ್ಟೆ.

ಹೀಗೆಂದು ಈ ಬಾಗಿಲು ಹಿಂಸಾರಹಿತವೆಂದು ನಾನು ಹೇಳಲಾರೆನು. ತೇಗವು ಎಂದೋ ಜೀವಂತ ಮರವಾಗಿದ್ದಿತು. ತಿರುಪುಮೊಳೆಯ ಹಿಂದೆ ಗಣಿಯೂ ಕುಲುಮೆಯೂ ಇವೆ. ಅಂಗಡಿಯಿಂದ ಸಿದ್ಧವಾಗಿ ಬಂದ ಕಬ್ಬಿಣದ ಬಾಗಿಲಿಗೂ ಇದೇ ಮಾತು ಸಲ್ಲುತ್ತದೆ; ಆದರೆ ಅಲ್ಲಿ ಯಾವುದೂ ನಮ್ಮ ಕಣ್ಣಿಗೆ ಕಾಣಿಸದು, ಯಾರೂ ನಮ್ಮನ್ನು ಕೇಳುವುದೂ ಇಲ್ಲ. ಕೈಯಿಂದ ಮಾಡುವಾಗ ಪ್ರತಿಯೊಂದು ಹೆಜ್ಜೆಯಲ್ಲಿಯೂ ಆಯ್ಕೆ ನಮ್ಮೆದುರಿಗೆ ಬಂದು ನಿಲ್ಲುತ್ತದೆ. ಗೆದ್ದಲು ಬಂದ ಮೇಲೆ ವಿಷ ಹಾಕುವುದು ಸಂಕಲ್ಪೀ ಹಿಂಸೆ. ಬಾರದಂತೆ ಮೊದಲೇ ಕಟ್ಟುವುದು ಯತ್ನಾಚಾರ. ಇವೆರಡರ ನಡುವಣ ಅಂತರವು ನಮ್ಮ ಮನೆಯಲ್ಲಿ 3 ಅಂಗುಲ ಮಾತ್ರ.

ಬಸದಿಗಳ ಬಾಗಿಲು, ಮಂಟಪ, ಸ್ವಾಧ್ಯಾಯ ಪೀಠಗಳನ್ನು ಮಾಡಿಸುವ ವಿಶ್ವಸ್ತ ಮಂಡಳಿಗಳು ಕೆಲಸ ಒಪ್ಪಿಸುವ ಮುನ್ನ ಬಡಗಿಯನ್ನು ವಿನಯದಿಂದ ವಿಚಾರಿಸಿದರೆ ಲೇಸು: ಅಂಟು ಯಾವುದು, ಹೊಳಪಿಗೆ ಏನು ಬಳಿಯುವಿರಿ, ಕುಂಚ ಯಾವುದರದು, ಮರ ನೆಲಕ್ಕೆ ತಾಗುವುದೇ? ಈ ನಾಲ್ಕು ಪ್ರಶ್ನೆಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ.